ಕಳ್ಳನಿಗೆ ಬಳಿದ ಬಣ್ಣ

ಗುರುವಾರ, ಸಂಜೆ ಆರೂಕಾಲು

ಪ್ರೀತಿಯ ತಮ್ಮನಿಗೆ,

ಈಗಷ್ಟೇ ನಿನ್ನ ಮಗಳಿಗೆ ಹಾಲು ಕುಡಿಸಿ, ಪಕ್ಕದ ಮನೆಗೆ ಆಡಲು ಕಳಿಸಿ ಕೂತಿದ್ದೇನೆ. ಬೆಳಿಗ್ಗೆ ಬಟ್ಟೆ ಒಗೆದದ್ದು, ಮಧ್ಯಾಹ್ನ ಸಿನಿಮಾ ನೋಡಿದ್ದು, ಇವತ್ತಿನ ದಿನವೆಂದರೆ ಇಷ್ಟೇ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ತಿಂಗಳು ದಾಟಿಸಿದೆ, ಬೇಸರ ಮಾಡಿಕೊಳ್ಳಬೇಡ. ಸೇತುವೆಯ ಕೆಲಸ ಎಲ್ಲಿಗೆ ಬಂತು? ಎತ್ತರದಲ್ಲಿ ನಿಲ್ಲುವಾಗ ಹುಷಾರು. ಮಗಳ ಕೆಮ್ಮು ವಾಸಿಯಾಗಿದೆ. ಮುಂದಿನ ಹಲ್ಲೊಂದು ಬಿದ್ದಿದೆ. ನಿನಗೆ ತೋರಿಸಬೇಕಂತೆ, ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ.

ನಮ್ಮ ಚಿತ್ರವನ್ನು ಇವತ್ತು ಅದರಲ್ಲಿ ಕೆಲಸ ಮಾಡಿದವರ ಮನೆಮಂದಿಗೆಲ್ಲ ತೋರಿಸಿದರು. ನಿಜವಾದ ಹುಡುಗಿಯೊಬ್ಬಳು, ಅವಳ ಜೊತೆಗೆ ನಾವು ಹಾಳೆಯ ಮೇಲೆ ಬರೆದು ಬಣ್ಣ ತುಂಬಿದ ಹುಡುಗಿಯೊಬ್ಬಳು, ಇಬ್ಬರ ಗೆಳೆತನದ ಕಥೆ. ಬರೆದ ಹುಡುಗಿಗೆ ಮೈಬಣ್ಣ ಕಲೆಸಿದವಳು ನಿನ್ನ ಹೆಂಡತಿ. ತನ್ನ ಮುಂಗೈಯನ್ನೇ ಹಾಳೆಯ ಪಕ್ಕ ಇಟ್ಟುಕೊಂಡು, ಹನಿಹನಿಯಾಗಿ ಕಂದು ಸೇರಿಸಿ, "ಅತ್ತಿಗೆ, ಕೈ ಯಾವ್ದು, ಕಾಗದ ಯಾವ್ದು ಹೇಳಿ ನೋಡೋಣ" ಎಂದು ನಕ್ಕಿದ್ದಳು. ಸಿನಿಮಾದಲ್ಲಿ ನಮ್ಮ ಬಣ್ಣದವಳು ಇರ್ತಾಳೆ ಎಂದು ಮಗಳಿಗೂ ಹೇಳಿದ್ದಳು. ಅವಳು ತೀರಿಕೊಂಡ ಮೇಲೆ ಅವಳ ಮೇಜು, ಕುಂಚ ಎಲ್ಲ ನನ್ನ ಪಾಲಿಗೆ ಬಂದವು.

ದೀಪ ಆರಿಸಿ ಸ್ವಲ್ಪ ಹೊತ್ತಿಗೆ ಮಗು ನನ್ನ ತೋಳು ಹಿಡಿದು ಕೇಳಿದಳು, "ಅತ್ತೆ, ಅಮ್ಮ ಬಣ್ಣ ಮಾಡಿದೋಳು ಯಾವಾಗ ಬರ್ತಾಳೆ?"

ಆಗಲೇ ಬಂದಾಗಿತ್ತು. ಪರದೆಯ ಮೇಲೆ ಕುಣಿಯುತ್ತಿದ್ದಳು, ಹಾಲಿನ ಕೆನೆಯ ಬಣ್ಣದವಳು. "ಬರ್ತಾಳೆ, ಸುಮ್ನೆ ನೋಡು" ಎಂದೆ. ಮತ್ತೆ ಕೇಳಿದಳು, ಮತ್ತೆ ಅದನ್ನೇ ಹೇಳಿದೆ. ಚಿತ್ರ ಮುಗಿಯುವವರೆಗೂ ಹೇಳಿದೆ.

ಹೊರಗೆ ಬಂದಾಗ ನಮ್ಮಲ್ಲಿ ಚಿತ್ರಗಳಿಗೆ ಗೆರೆ ಎಳೆಯುವ ಮುದುಕರು ಸಿಕ್ಕರು. "ಏನಮ್ಮಾ ಬೊಚ್ಚಬಾಯಿ, ಹೇಗಿತ್ತು? ಗೊರಕೆ ಹೊಡೆದ್ಯಾ?" ಎಂದು ಕೆಣಕಿದರು.

"ಚೆನ್ನಾಗಿತ್ತು ತಾತ. ಆದ್ರೆ ಬುಟ್ಟಿ ಕದಿಯೋನು ಒಬ್ನೇ ನನ್ನ ಥರ ಇದ್ದ."

ಮುದುಕರು ನನ್ನ ಮುಖ ನೋಡಿದರು. ನಾನು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವಳಂತೆ ಬಗ್ಗಿದೆ.

ನಿನಗೆ ಹೇಳದೆ ಇರಲಾರೆ. ಕತ್ತಲೆಯ ದೃಶ್ಯಗಳಲ್ಲಿ ನಾವು ಬರೆದ ಹುಡುಗಿ ಕಾಣಿಸುವುದಿಲ್ಲ ಎಂದು ನಿರ್ದೇಶಕರು ಬಣ್ಣವನ್ನು ತಿಳಿ ಮಾಡಿಸಿದರು. ನಾನು ಮಾಡಿಕೊಟ್ಟೆ. ನಿನ್ನ ಹೆಂಡತಿ ಕಲೆಸಿಟ್ಟದ್ದು ಎರಡು ಡಬ್ಬಿ ಉಳಿಯಿತು. ಅವಳ ಕೈಯಿಂದಾದದ್ದು, ಒಣಗಿ ಹಾಳಾಗಬಾರದು ಅನ್ನಿಸಿತು. ಚೆಲ್ಲಲು ಮನಸ್ಸು ಬರದೆ ಅದನ್ನು ಬುಟ್ಟಿ ಕದಿಯುವ ಕಳ್ಳನಿಗೆ ಬಳಿದೆ, ಅವನೂ ನಾವು ಹಾಳೆಯ ಮೇಲೆ ಬರೆದವನೇ. ಬಳಿಯುವಾಗ ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಕಾಲು ಗಟ್ಟಿಯಾಗಿರಲಿ. ನಿನ್ನ ಮಗಳು ನಿನ್ನ ಕಣ್ಣೆದುರೇ ಬೆಳೆಯುವ ಹಾಗಾಗಲಿ.

ನಿನ್ನ ಅಕ್ಕ

ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನಿರ್ದೇಶಕರು "ಕತ್ತಲಲ್ಲಿ ಕಾಣಿಸ್ತಿಲ್ಲ, ಏನಾದ್ರೂ ಮಾಡಿ" ಎಂದರೇ ಹೊರತು ತಿಳಿ ಮಾಡಿ ಎನ್ನಲಿಲ್ಲ. ಅಂಚಿನ ಸುತ್ತ ತೆಳ್ಳಗೆ ಒಂದು ಬೆಳಕಿನ ಗೆರೆ ಎಳೆದಿದ್ದರೆ ಸಾಕಿತ್ತು. ಅದನ್ನು ನನಗೆ ಕಲಿಸಿದವಳೇ ನಿನ್ನ ಹೆಂಡತಿ. ಬಿಳಿ ಬಣ್ಣದ ಡಬ್ಬಿ ತೆರೆದು ಬೆರೆಸಿದವಳು ನಾನೇ. ತಿಳಿಯಾದ ಹುಡುಗಿಯನ್ನು ದೂರ ಹಿಡಿದು ನೋಡಿ, ಈಗ ಲಕ್ಷಣವಾಗಿದ್ದಾಳೆ ಅಂದುಕೊಂಡೆ. ಮಗುವಿಗೆ ಇದನ್ನು ಹೇಳಿಲ್ಲ. ಚಿತ್ರದಲ್ಲಿ ನಮ್ಮಮ್ಮನ ಬಣ್ಣದವಳು ಇದ್ದಾಳೆ ಎಂದು ಅವಳು ತರಗತಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾಳೆ. ನಾಳೆ ಹತ್ತೂವರೆಯ ಆಟಕ್ಕೆ ಶಾಲೆಯವರು ಆ ಮಕ್ಕಳನ್ನೆಲ್ಲ ಕರೆದುಕೊಂಡು ಹೋಗುತ್ತಾರೆ.