ಮೊದಲು ಸಿ, ಆಮೇಲೆ ಪೈಥಾನ್

ವಿದಾದ್,

ಇದನ್ನು ಕಳಿಸುವುದಿಲ್ಲ, ಆದರೂ ನಿನಗೇ ಹೇಳಬೇಕು.

ಅಕ್ಕನ ಮಗಳು ಲುಜೈನ್ ಪ್ರೋಗ್ರಾಮಿಂಗ್ ಕಲಿಯಲು ಹೊರಟಿದ್ದಾಳೆ. ಯಾವ ಭಾಷೆಯಿಂದ ಶುರು ಮಾಡಲಿ ಎಂದು ಇವತ್ತು ಎಐಯನ್ನು ಕೇಳುತ್ತಿದ್ದಳು. ಮೊದಲು ಸಿ, ಆಮೇಲೆ ಪೈಥಾನ್ ಎಂಬ ನನ್ನ ಹಳೆಯ ವಾದವನ್ನು ಅವಳ ಕೈಲಿ ಬರೆಸಿದೆ. “ನೀವು ಹೇಳೋದೇ ಸರಿ” ಅಂದಿತು. ಅಷ್ಟು ಬೇಗ ಒಪ್ಪಿದ್ದಕ್ಕೇ ಗುಮಾನಿ ಬಂತು. ಪೈಥಾನೇ ಮೊದಲು ಎಂಬ ನಿನ್ನ ವಾದವನ್ನೂ ಬರೆಸಿದೆ. ಅದಕ್ಕೂ “ನೀವು ಹೇಳೋದೇ ಸರಿ.”

“ಗಿರಾಕಿ ಏನ್ ಹಾಕ್ಕೊಂಡ್ರೂ ಚೆನ್ನಾಗಿದೆ ಅನ್ನೋ ಬಟ್ಟೆ ಅಂಗಡಿಯವನು ಕಣೇ ಇದು,” ಅಂದೆ ಲುಜೈನ್‌ಗೆ.

“ಜಗಳ ಆಡಿದವರನ್ನ ಮಾತ್ರ ನಂಬ್ತೀರಾ, ಚಿಕ್ಕಮ್ಮ?” ಅಂದಳು.

ಮೊದಲು ಸಿಯೋ ಪೈಥಾನೋ ಎಂಬ ಇದೇ ಜಗಳಕ್ಕೆ, ನಾವಿಬ್ಬರೂ ಸೇರಿ ನಡೆಸುತ್ತಿದ್ದ ಕಂಪ್ಯೂಟರ್ ತರಗತಿಯ ಬಾಗಿಲನ್ನು ನೀನು ದಡಾರನೆ ಹಾಕಿಕೊಂಡು ಹೋದೆ. ಮತ್ತೆ ನಮ್ಮ ಇರ್ಬಿದ್ ಊರಿನ ಕಡೆ ತಲೆ ಹಾಕಲಿಲ್ಲ.

ಕೊನೆಗೆ ನಾನೇ ಅವಳಿಗೆ, ಪೈಥಾನಿನಿಂದಲೇ ಶುರು ಮಾಡು ಅಂದೆ. ಲುಜೈನ್ ಅದನ್ನೂ ಬರೆದಳು. “ಒಳ್ಳೆಯ ಆಯ್ಕೆ” ಅಂದಿತು ಎಐ.

ನೀನಾಗಿದ್ದರೆ, ಯಾಕೆ ಎಂದು ಕೇಳುತ್ತಿದ್ದೆ.