ಗಾಳಿ ಎದ್ದ ದಿನ ಬಾತುಬೇಟೆ

ನೆವಾರ್ಕ್, ಜನವರಿ

ಪ್ರೀತಿಯ ಆಪಾ,

ತಂಗಿ ನೌರೀನಳ ಸಲಾಂ. ಇಲ್ಲಿ ಚಳಿಗಾಲದಲ್ಲಿ ಲೈಸೆನ್ಸು ಪಡೆದು ಕಾಡುಬಾತು ಬೇಟೆಯಾಡಬಹುದು. ಈ ಸಲ ಬರೀ ಬಿಸಿಲಿದ್ದು, ಬಾತುಗಳೆಲ್ಲ ಕೊಲ್ಲಿಯ ನಡುನೀರಿನಲ್ಲೇ ಕುಳಿತಿದ್ದವು. ಗಾಳಿ ಎದ್ದರೆ ಮಾತ್ರ ದಡದ ಜೌಗಿಗೆ ಬರುತ್ತವಂತೆ. ಶನಿವಾರ ಗಾಳಿ ಎದ್ದಿತು. ನಮ್ಮ ಮನೆಯವರ ಜೊತೆ ನಾನೂ ದೋಣಿ ಹತ್ತಿದೆ.

ಆಕಾಶ ಕಪ್ಪಾಗುವಷ್ಟು ಬಾತುಗಳು ಬಂದವು, ಆಪಾ! ಇವರು ಹೊಡೆದ ಒಂದು ಬಾತು ರೆಕ್ಕೆ ಮುರಿದು ಕೆಸರಿನ ಮೇಲೆ ಬಿತ್ತು. ಜೀವ ಹೋಗುವ ಮೊದಲು ಹಲಾಲ್ ಮಾಡಬೇಕೆಂದು ಇವರು ಬಂದೂಕಿನೊಂದಿಗೇ ಕೆಳಗಿಳಿದರು. ಸೊಂಟದವರೆಗೂ ಹೂತುಹೋದರು. ಆಗಲೇ ಉಬ್ಬರದ ನೀರು ಏರತೊಡಗಿತ್ತು. ನಾನು ದೋಣಿಗೆ ಕಟ್ಟಿದ್ದ ಹಗ್ಗ ಎಸೆದೆ.

"ಗನ್ನು ಬಿಡಿ, ಎರಡೂ ಕೈಲಿ ಹಗ್ಗ ಹಿಡ್ಕೊಳ್ಳಿ!"

"ಹೊಸ ಗನ್ನು ಕಣೇ!"

"ನೀರು ಎದೆಗೆ ಬಂತು, ಬಿಡ್ರೀ!"

ಬಿಟ್ಟರು. ಹಗ್ಗ ಹಿಡಿದು ಇಂಚಿಂಚಾಗಿ ದೋಣಿಯವರೆಗೆ ಬಂದರು. ಜಾಕೆಟ್ಟು ಹಿಡಿದು ಒಳಗೆಳೆದುಕೊಂಡೆ. ಬಾತು ನೀರಿನ ಜೊತೆ ತೇಲಿಹೋಯಿತು.

ಇವರ ಮಂಡಿ ಊದಿದೆ, ನನ್ನ ಅಂಗೈ ಸುಲಿದಿದೆ, ಅಷ್ಟೇ. ಅಮ್ಮಿಗೆ ಓದಿ ಹೇಳುವಾಗ ಕೆಸರಿನ ಭಾಗ ಬಿಟ್ಟುಬಿಡು.

ಇವತ್ತು ಮತ್ತೆ ಗಾಳಿ. "ಸೀಸನ್ನು ಮುಗೀತಾ ಬಂತು ನೌರೀನ್, ಫ್ರೆಂಡ್ ಹತ್ರ ಗನ್ನಿದೆ" ಎನ್ನುತ್ತ ಇವರು ಬೆಳಗಿನಿಂದ ಕಿಟಕಿ ಬಿಟ್ಟು ಅಲ್ಲಾಡಿಲ್ಲ. ದೋಣಿಯನ್ನು ನೀರಿನವರೆಗೆ ಎಳೆದೊಯ್ಯುವುದಕ್ಕೆ ನಮಗಿರುವುದು ಒಂದೇ ಕಾರು. ಈ ಕಾರ್ಡನ್ನು ಪೋಸ್ಟಿಗೆ ಹಾಕುವ ನೆಪದಲ್ಲಿ ಆ ಕಾರನ್ನೇ ತೆಗೆದುಕೊಂಡು ಈಗಲೇ ಹೊರಟೆ. ಕತ್ತಲಾಗುವ ತನಕ ಮನೆಗೆ ಬರುವುದಿಲ್ಲ.

ನಿನ್ನ ನೌರೀನ್