ಸೀಟಿನ ಮೇಲೆ ನಿನ್ನವ್ವನ ಟವೆಲ್

ಗೆಳೆಯ ಚಂದ್ರ,

ಆಲೂರು ಬಸ್‌ಸ್ಟ್ಯಾಂಡಿನಲ್ಲಿ ನಾವಿಬ್ಬರೂ ಕಿಟಕಿಯಿಂದ ಒಳಗೆ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದುದು ನಿನಗೆ ನೆನಪಿರಬೇಕು. ಟವೆಲ್ ಬಿದ್ದ ಸೀಟಿನಲ್ಲಿ ಬೇರೆಯವರು ಕೂರಬಾರದು, ಅದು ನಮ್ಮ ಕಡೆಯ ಕಾನೂನು. ಕಾಫಿ ಎಸ್ಟೇಟಿನ ಕೂಲಿಲೈನಿನ ಮನೆಯಲ್ಲಿ ಬೆಳೆದು, ಮೈಸೂರಿಗೆ ಹೋಗಿ ಮನಃಶಾಸ್ತ್ರ ಓದಿದ ನೀನು ಅದೇ ಟವೆಲ್ಲನ್ನು ಸಂಶೋಧನೆಗೆ ಹಿಡಿದೆಯಲ್ಲ ಮಾರಾಯ. ಇಂಥದ್ದನ್ನೂ ಓದುತ್ತಾರೆಯೇ ಎಂದು ನಾನು ನಕ್ಕಿದ್ದೆ.

ಆ ಸಂಶೋಧನೆಗೆಂದು ಒಂದು ದಿನ ನೀನು ಹಾಸನದ ಬಸ್ಸಿನ ಎರಡು ಸೀಟಿಗೆ ಟವೆಲ್ ಹಾಕಿದೆ. ಒಂದು ಇಸ್ತ್ರಿ ಮಾಡಿದ ಬಿಳಿಯದು. ಇನ್ನೊಂದು ನಿನ್ನವ್ವ ಕಾಫಿ ಕುಯ್ಯುವಾಗ ತಲೆಗೆ ಸುತ್ತುತ್ತಿದ್ದ ಕರೆಗಟ್ಟಿದ್ದು. ಬಸ್ಸು ತುಂಬಿ ಜನ ನಿಂತರೂ ಬಿಳಿಯದನ್ನು ಯಾರೂ ಮುಟ್ಟಲಿಲ್ಲ. ಅವ್ವನದು ಆಗಲೇ ಕಾಲಡಿಗೆ ಬಿದ್ದಿತ್ತು. ಅಲ್ಲಿ ಕುಳಿತವನನ್ನು ನೀನು ಮೆಲ್ಲಗೆ ವಿಚಾರಿಸಿದೆ. "ಯಾರೋ ಬುಟ್ಟೋಗವ್ರೆ ಅಂದ್ಕಂಡೆ ಕಣ್ರೀ," ಎಂದ. ಆಮೇಲೆ ಯಾವ ಬಸ್ಸಿನಲ್ಲಿ ಕೇಳಿದರೂ ಅದೇ ಉತ್ತರ. ಬಿಳಿಯದಕ್ಕೆ ಯಾರೋ ಬರುತ್ತಾರೆ, ಕೊಳಕಾದುದಕ್ಕೆ ಯಾರೂ ಇಲ್ಲ...

ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ನಾನು ಜನರನ್ನು ಬೈದಾಗ ನೀನು ತಡೆದೆ. "ಜನ ಕೆಟ್ಟೋರಲ್ಲ ಕಣೋ. ಅವ್ರ ಕಣ್ಣಿಗೆ ಬೀಳಲ್ಲ ಅಷ್ಟೇಯ. ಇಂಥೋರ್ದು ಅಂತ ಒಂದ್ಸಲ ಹೇಳು, ಎದ್ದು ಜಾಗ ಬುಡ್ತಾರೆ." ಅದನ್ನು ತೋರಿಸಿಕೊಡುವುದೇ ಮುಂದಿನ ಕೆಲಸ ಎಂದು ನೀನೇ ಹೇಳಿದ್ದೆ. ಅಷ್ಟರಲ್ಲಿ ನಿನಗೆ ಕಾಮಾಲೆ ಬಂತು. ನಮ್ಮನ್ನೆಲ್ಲ ಬಿಟ್ಟು ಹೋಗಲು ನಿನಗೇನು ಅವಸರವಿತ್ತೋ...

ಹೋದ ವಾರ ನಿನ್ನವ್ವನ ಕಾಲು ಊದಿಕೊಂಡು, ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೊರಟೆ. ಕಿಟಕಿಯಿಂದ ಅವಳ ಟವೆಲ್ ಹಾಕಿ, ಕೈಹಿಡಿದು ಬಸ್ಸು ಹತ್ತಿಸಿದೆ. ನಾವು ಸೀಟಿನ ಹತ್ತಿರ ಬರುವಷ್ಟರಲ್ಲಿ ಒಬ್ಬರು ಟವೆಲ್ ಕೆಳಗೆ ತಳ್ಳಿ ಕುಳಿತಿದ್ದರು. ನೀನು ಹೇಳಿದಂತೆಯೇ ಮಾಡಿದೆ. "ಸಾರ್, ಅದು ಈ ಅವ್ವಂದು. ಕಾಲು ಊದೈತೆ, ನಿಂತ್ಕಳಾಕೆ ಆಗಲ್ಲ." ಅವರು ನೋಡಿದರು, ಚಂದ್ರ. ಅವ್ವನ ಮುಖವನ್ನೂ ಕಾಲನ್ನೂ ಸರಿಯಾಗಿಯೇ ನೋಡಿದರು. ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡರು. ಸುತ್ತ ಕುಳಿತವರೂ ನೋಡಿದರು. ಯಾರೂ ಏಳಲಿಲ್ಲ. ಇದಕ್ಕೆ ನಿನ್ನ ಓದಿನಲ್ಲಿ ಏನನ್ನುತ್ತಾರೆ?

ಹಾಸನದವರೆಗೂ ಅವ್ವ ಕಂಬಿ ಹಿಡಿದು ನಿಂತೇ ಬಂದಳು. ಇಳಿದ ಮೇಲೆ ಟವೆಲ್ ಕೊಡವಿ ತಲೆಗೆ ಸುತ್ತಿಕೊಂಡು ಅಂದದ್ದು ಇಷ್ಟೇ: "ನಮ್ ಚಂದ್ರಂಗೆ ಇದನ್ನ ಹೇಳ್ಬ್ಯಾಡ ಕಣಪ್ಪಾ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟೂ ಬರೆದಿದ್ದೇನೆ. ಅವ್ವ ನಿನ್ನ ಹತ್ತಿರ ಬಂದ ದಿನ, ಏನೂ ತಿಳಿಯದವನ ಹಾಗೆ ಇದ್ದುಬಿಡು.